ಕರಡಿಗೆ ಕೊಟ್ಟ ಕೈ

ಹೊಸೂರಿನ ಕೈಗಾರಿಕಾ ವಸಾಹತಿನಲ್ಲಿ ನಟ್ಟು ಬೋಲ್ಟು ತಯಾರಿಸುವ ಎರಡು ಶೆಡ್ಡುಗಳ ನಡುವೆ ನಮ್ಮ ಶೆಡ್ಡಿತ್ತು. ಅದರಲ್ಲಿ ನಾವು ನಲವತ್ತು ಜನ ಕೂತು ಕರಡಿ, ನರಿ, ಮುಳ್ಳುಹಂದಿಗಳ ಚಿತ್ರ ಬರೆಯುತ್ತಿದ್ದೆವು. ಎಂಬತ್ತರ ದಶಕದ ನಡುಭಾಗ ಅದು. ಯಾವುದೋ ದೇಶದ ಟೀವಿಯಲ್ಲಿ ಬರುವ ಮಕ್ಕಳ ಕಾರ್ಟೂನು. ಕಥೆ ಅವರದು, ಮುಖ್ಯ ಚಿತ್ರಗಳೂ ಅವರವು. ಕರಡಿ ಕೈ ಎತ್ತಿದ ಚಿತ್ರವೊಂದು, ಇಳಿಸಿದ ಚಿತ್ರವೊಂದು ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಎತ್ತಿದ ಕೈ ಇಳಿಯುವವರೆಗೆ ಗಾಳಿಯಲ್ಲಿ ಎಲ್ಲೆಲ್ಲಿತ್ತು ಎಂಬ ಐದಾರು ಚಿತ್ರಗಳನ್ನು ನಡುವೆ ತುಂಬಿಸುವುದು ನಮ್ಮ ಕೆಲಸ. ಅವು ಒಪ್ಪಿಗೆಯಾದ ಮೇಲೆ ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ಹಚ್ಚಿ, ಒಣಗಿಸಿ ಕಳಿಸುತ್ತಿದ್ದೆವು.

ಶೆಡ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಊರಿನಿಂದ ಬಂದಿದ್ದೀರೋ ಅದೇ ಹೆಸರು. ನಾನು ಬೇರಿಕೆ. ನನ್ನ ಪಕ್ಕದ ಮೇಜಿನವನು ಅಂಚೆಟ್ಟಿ. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅವನ ಪೆನ್ಸಿಲಿನ ಗೆರೆ ಕೂದಲಿನ ಹಾಗೆ ಒಂದೇ ಸಮ ಓಡುತ್ತಿತ್ತು. ಬಸ್ಸಿಳಿದ ಮೇಲೂ ಎರಡು ಗಂಟೆ ನಡೆಯಬೇಕಾದ ಊರು ಎಂದು ಹೊಸೂರಿನಲ್ಲೇ ಒಂದು ಕೋಣೆ ಹಿಡಿದಿದ್ದ. ಊರಲ್ಲಿ ಏನು ಮಾಡ್ತಾರೆ ಎಂದು ಯಾರಾದರೂ ಕೇಳಿದರೆ, "ರಾಗಿ, ಹುರುಳಿ. ಆನೆ ಉಂಡು ಬಿಟ್ಟಿದ್ದು ನಮ್ಗೆ" ಎಂದು ನಕ್ಕು ಮಾತು ಮುಗಿಸುತ್ತಿದ್ದ.

ಬಣ್ಣದ ವಿಭಾಗದಲ್ಲಿ ಇಪ್ಪತ್ತು ಹೆಂಗಸರಿದ್ದರು. ಅವರಲ್ಲಿ ಹಿರಿಯಳಾದ ಒಬ್ಬಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಸಾನಮಾವಿನ ಕಡೆಯವಳು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊದಲ ತುತ್ತಿನ ಉಪ್ಪಿನಕಾಯಿ ಅಂಚೆಟ್ಟಿಯ ಅನ್ನದ ಮೇಲೆ. "ಊರು ಬಿಟ್ಟಿರೋ ಹುಡುಗ, ಕೈಯಡುಗೆ ಉಂಡು ನಾಲ್ಗೆ ಸತ್ತೋಗಿರ್ತದೆ" ಎನ್ನುತ್ತಿದ್ದಳು.

ಇವರೆಲ್ಲರ ಮೇಲೆ ಚೀಫ್. ಮದರಾಸಿನವರು, ಬೆಂಗಳೂರಿನಲ್ಲಿ ಕನ್ನಡ ಕಲಿತವರು. ಅವರ ಕೈಯಲ್ಲಿ ಯಾವಾಗಲೂ ಒಂದಡಿಯ ಸ್ಟೀಲು ಸ್ಕೇಲು. ಚಿತ್ರಗಳ ನಡುವಿನ ಅಂತರವನ್ನು ಅದರಿಂದ ಅಳೆಯುತ್ತಿದ್ದರು, ತಪ್ಪಿದ್ದರೆ ಅದರ ಅಂಚಿನಿಂದಲೇ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಹೆಂಡತಿ ಮಕ್ಕಳಿದ್ದ ಗಂಡಸರೂ ಕೈ ಚಾಚುತ್ತಿದ್ದರು. ನಮ್ಮ ಊರುಗಳಲ್ಲಿ ಫ್ಯಾಕ್ಟರಿಗೆ ಹೋಗುವವರು ಬೇಕಾದಷ್ಟಿದ್ದರು. ಆದರೆ ಕುರ್ಚಿಯ ಮೇಲೆ ಕೂತು, ಮೈಗೆ ಎಣ್ಣೆ ಮೆತ್ತಿಕೊಳ್ಳದೆ ದುಡಿಯುವವರು ನಾವು ಮಾತ್ರ. ಅದನ್ನು ಕಳೆದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ಹೊಸ ಕಂತಿನ ಪಾರ್ಸೆಲ್ಲು ಬಂತು. ಬಿಚ್ಚಿ ನೋಡಿದ ಚೀಫ್ ಅರ್ಧ ದಿನ ಯಾರಿಗೂ ಹೊಡೆಯಲಿಲ್ಲ.

ಸಮುದ್ರದಾಚೆಯ ಒಂದು ರಾಕ್ ತಂಡ. ನಾಲ್ಕು ಜನ, ಹೆಗಲ ಮೇಲೆ ಬಿದ್ದ ಕೂದಲು. ಲೋಕವೆಲ್ಲ ಅವರ ಹೆಸರು ಬಲ್ಲದು ಎಂದು ಚೀಫ್ ಹೇಳಿದರು. ಶೆಡ್ಡಿನಲ್ಲಿ ಅವರೊಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಈ ಕಂತು ಆ ತಂಡಕ್ಕೆ ಗೌರವ ಸಲ್ಲಿಸಲು ಮಾಡಿದ್ದು. ನಮ್ಮ ಕರಡಿ, ಎರಡು ನರಿ, ಮುಳ್ಳುಹಂದಿ ಆ ನಾಲ್ವರಂತೆಯೇ ಕೂದಲು ಬಿಟ್ಟು, ಅವರಂತೆಯೇ ಬಟ್ಟೆ ತೊಟ್ಟು ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ಸಂಗೀತ ಕಛೇರಿ ನಡೆಸುತ್ತವೆ. ಕೊನೆಯಲ್ಲಿ ಉಳಿದ ಮೂವರು ಸುಮ್ಮನಾಗಿ, ಕರಡಿಯೊಂದೇ ನಲವತ್ತು ಸೆಕೆಂಡು ಡ್ರಮ್ಮು ಬಾರಿಸುತ್ತದೆ.

ಚೀಫ್ ಕಾಲೇಜಿನ ದಿನಗಳಲ್ಲಿ ಗಿಟಾರು ನುಡಿಸುತ್ತಿದ್ದರಂತೆ. ಆ ನಾಲ್ವರ ಫೋಟೋವನ್ನು ಮನೆಯಿಂದ ತಂದು ಮೇಜಿನ ಹಿಂದಿನ ಗೋಡೆಗೆ ಹಾಕಿದರು. ಊದುಬತ್ತಿ ಹಚ್ಚುವುದೊಂದು ಬಾಕಿ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಟೇಪ್ ರೆಕಾರ್ಡರಿನಲ್ಲಿ ಆ ಡ್ರಮ್ಮು ಕೇಳಿಸುತ್ತಿದ್ದರು. ಒಂದು ದಿನ ಅಕ್ಕನಿಗೆ ಆಕಳಿಕೆ ಬಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವತ್ತು ಅವಳ ಕೈಗೂ ಸ್ಕೇಲು ಬಿತ್ತು.

"ಇದು ಕೆಲ್ಸ ಅಲ್ಲ, ಪೂಜೆ. ಒಂದು ಫ್ರೇಮು ತಪ್ಪಿದ್ರೂ ನಾನು ಸುಮ್ಮನಿರೋದಿಲ್ಲ" ಎಂದರು.

ಆ ನಲವತ್ತು ಸೆಕೆಂಡಿನ ಹೊಣೆಯನ್ನು ನನಗೆ ವಹಿಸಿದರು. ನನ್ನ ಕೆಳಗೆ ಮೂವರು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಸಾಧಾರಣ ದೃಶ್ಯಗಳಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿದು ಕೆಲಸ ಅರ್ಧ ಮಾಡಿಕೊಳ್ಳುತ್ತಿದ್ದೆವು. ಡ್ರಮ್ಮಿಗೆ ಅದು ನಡೆಯುವುದಿಲ್ಲ, ಫ್ರೇಮಿಗೊಂದು ಚಿತ್ರ ಬೇಕೇ ಬೇಕು. ಚಿತ್ರಗಳ ಜೊತೆ ಒಂದು ಉದ್ದನೆಯ ಪಟ್ಟಿ ಬಂದಿತ್ತು. ಎಷ್ಟನೆಯ ಫ್ರೇಮಿನಲ್ಲಿ ಪೆಟ್ಟಿನ ಸದ್ದು ಬರುತ್ತದೋ ಅಲ್ಲಿ ಗುಣಾಕಾರದ ಗುರುತು. ನಾನು ಲೆಕ್ಕಕ್ಕೆ ಸರಿಯಾಗಿ ಗುರುತಿದ್ದ ಕಡೆಯೆಲ್ಲ ಕೋಲು ಚರ್ಮ ಮುಟ್ಟುವ ಚಿತ್ರ ಬರೆದೆ. ಎತ್ತಿದ ಕೈಗೂ ಮುಟ್ಟಿದ ಕೈಗೂ ನಡುವಿನ ದಾರಿಯನ್ನು ಸ್ಕೇಲಿಟ್ಟು ಸಮಭಾಗ ಮಾಡಿದೆ. ನಾಲ್ಕು ಜನ ಹದಿನೆಂಟು ದಿನ ದುಡಿದೆವು. ಪೆನ್ಸಿಲು ಚಿತ್ರಗಳನ್ನೇ ಕ್ಯಾಮರಾದಲ್ಲಿ ಒಂದೊಂದಾಗಿ ಹಿಡಿದು, ಬೆಂಗಳೂರಿನ ಲ್ಯಾಬಿನಲ್ಲಿ ತೊಳೆಸಿ ಆಚೆಗೆ ಕಳಿಸಿದೆವು.

ವಾಪಸು ಬಂತು. ಜೊತೆಗೆ ಬಂದ ಚೀಟಿಯನ್ನು ಚೀಫ್ ಕನ್ನಡದಲ್ಲಿ ಹೇಳಿದರು: "ಕೋಲು ತಗಲ್ತಾ ಇದೆ. ಬಾರಿಸ್ತಾ ಇಲ್ಲ."

ಹೊಡೆತದ ವೇಗ ಹೆಚ್ಚಿಸಿ ಮತ್ತೆ ಬರೆದೆವು. ಎರಡನೆಯ ಸಲ ಚೀಟಿಯಲ್ಲಿ ಒಂದೇ ಸಾಲಿತ್ತು, ಕರಡಿ ನೊಣ ಹೊಡೆಯುತ್ತಿರುವಂತಿದೆ ಎಂದು. ಚೀಫ್ ನನ್ನ ಹತ್ತು ಬೆರಳಿಗೂ ಲೆಕ್ಕವಿಟ್ಟು ಹೊಡೆದರು. "ಮೂರನೇ ಸಲ ಬಂದ್ರೆ ನೀನೂ ನಿನ್ನ ಮೂರು ಜನಾನೂ ಗೇಟು ಆಚೆ. ನಾನು ದೇವರು ಅಂತ ನಂಬಿರೋರ ಮುಂದೆ ನನ್ನ ಮರ್ಯಾದೆ ತೆಗೀತಾ ಇದ್ದೀಯ."

ಆ ಭಾನುವಾರ ದೆಂಕಣಿಕೋಟೆಯಿಂದಾಚೆ ಅಂಚೆಟ್ಟಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ದೂರದ ನೆಂಟರೊಬ್ಬರು ತೀರಿಕೊಂಡಿದ್ದರು. ಅಪ್ಪನ ಬದಲು ನಾನು ಹೋದೆ. ಹೆಣ ಎತ್ತುವ ಹೊತ್ತಿಗೆ ತಮಟೆಯವರು ಬಂದರು. ಮೂರು ಜನ ಬರಬೇಕಿತ್ತು, ಇಬ್ಬರೇ ಬಂದಿದ್ದರು. ಊರಿನ ಹಿರಿಯರೊಬ್ಬರು ಬೈದರು. ಅವರಲ್ಲಿ ವಯಸ್ಸಾದವನು ಹಿಂದಕ್ಕೆ ತಿರುಗಿ ಮಗನನ್ನು ಕೂಗಿ ಕರೆದ. ಬೇಲಿಯ ಮರೆಯಿಂದ ಪ್ಯಾಂಟು ಮೊಣಕಾಲವರೆಗೆ ಮಡಚಿಕೊಂಡು ಒಬ್ಬ ಬಂದು ತಮಟೆ ಕೊರಳಿಗೆ ಹಾಕಿಕೊಂಡ. ಅವನು ಅಂಚೆಟ್ಟಿ.

ಹೊಡೆಯಲು ಶುರುಮಾಡಿದ ಮೇಲೆ ಅವನು ನನ್ನನ್ನು ನೋಡಿದ. ಕೈ ನಿಲ್ಲಲಿಲ್ಲ. ತಲೆ ಬಗ್ಗಿಸಿಕೊಂಡು ಹೆಣದ ಮುಂದೆ ನಡೆದ. ಸುಡುಗಾಡಿನವರೆಗೆ ನಾನು ಅವನ ಬೆನ್ನನ್ನೂ ಕೈಗಳನ್ನೂ ನೋಡುತ್ತಾ ನಡೆದೆ. ನೋಡಬಾರದು ಅನ್ನಿಸುತ್ತಿತ್ತು, ಆದರೆ ನನ್ನ ಕಣ್ಣು ಎರಡು ತಿಂಗಳಿಂದ ಹುಡುಕುತ್ತಿದ್ದದ್ದು ಅದನ್ನೇ. ಬಲಗೈಯಲ್ಲಿದ್ದ ಗಿಡ್ಡ ಕೋಲು ಚರ್ಮದ ಮೇಲೆ ನಿಂತಿದ್ದೇ ಕಾಣುತ್ತಿರಲಿಲ್ಲ. ಸದ್ದು ಕಿವಿಗೆ ಬೀಳುವಷ್ಟರಲ್ಲಿ ಕೈ ಮೇಲೆ ಹೋಗಿರುತ್ತಿತ್ತು.

ಸೋಮವಾರ ಟೀ ಬಿಡುವಿನಲ್ಲಿ ಅವನೇ ಹತ್ತಿರ ಬಂದ.

"ನೋಡ್ದಲ್ಲ."

"ನೋಡ್ದೆ."

"ಇಲ್ಲಿ ಯಾರ್ಗೂ ಗೊತ್ತಿಲ್ಲ ಕಣ್ಲಾ. ಹೇಳ್ಬ್ಯಾಡ."

"ನಾನ್ಯಾಕ್ಲಾ ಹೇಳಾನ."

"ಆಣೆ ಮಾಡು ಅನ್ನಾಕಿಲ್ಲ. ಮಾತು ಅಷ್ಟೇಯ."

ನಾನು ಮಾತು ಕೊಟ್ಟೆ. ಅದೇ ಉಸಿರಿನಲ್ಲಿ ಸಹಾಯವನ್ನೂ ಕೇಳಿದೆ. ನನ್ನ ಚಿತ್ರಗಳ ಕಟ್ಟನ್ನು ಅವನ ಮುಂದಿಟ್ಟೆ. ಅವನು ಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಬಿಡುತ್ತಾ ಎರಡು ಸಲ ನೋಡಿ, ಮುಟ್ಟುವ ಚಿತ್ರವನ್ನು ಹೊರಕ್ಕೆಳೆದು ಪಕ್ಕಕ್ಕಿಟ್ಟ.

"ಇದು ಬ್ಯಾಡ."

"ಇದಿಲ್ದೆ ಹೆಂಗ್ಲಾ? ಪೆಟ್ಟೇ ಇದಲ್ವಾ?"

"ಪೆಟ್ಟು ನೀನು ಹೊಡ್ಯಾದಲ್ಲ ಕಣ್ಲಾ. ನೀನು ಕೋಲು ಬಿಡ್ತೀಯ, ಚರ್ಮ ಅದ್ನ ವಾಪಸ್ ಎಸೀತದೆ. ಎಸ್ದಾಗ ಸದ್ದು. ಮೊದ್ಲು ಮಣಿಕಟ್ಟು ಮ್ಯಾಕೆ ಬತ್ತದೆ, ಬೆಳ್ಳು ಆಮೇಲೆ. ಕೋಲು ಕಡೀಗೆ."

ಅವನು ಪೆಟ್ಟನ್ನು ಸದ್ದಿನ ಗುರುತಿಗಿಂತ ಎರಡು ಫ್ರೇಮು ಮುಂಚೆಯೇ ಮುಗಿಸಿದ. ಇಳಿಯುವ ದಾರಿಗೆ ಎರಡೇ ಚಿತ್ರ, ಏರುವ ದಾರಿಗೆ ಐದು. ಸಮಭಾಗ ಎಲ್ಲೂ ಇಲ್ಲ. ಚಿತ್ರಗಳನ್ನು ಬಿಡಿಯಾಗಿ ನೋಡಿದರೆ ಸೊಟ್ಟಗೆ ಕಾಣುತ್ತಿದ್ದವು. ಕೋಲು ಬಾಗಿತ್ತು, ಕರಡಿಯ ಹೆಗಲು ಒಂದು ಕಡೆ ಬಿದ್ದಿತ್ತು. ನಾಲ್ಕು ಸೆಕೆಂಡಿನಷ್ಟು ಬರೆದುಕೊಟ್ಟ. ಪರೀಕ್ಷೆಗೆ ತೆಗೆದ ಫಿಲ್ಮು ಬೆಂಗಳೂರಿನಿಂದ ಬಂದ ದಿನ ಚೀಫ್ ಅದನ್ನು ಯಂತ್ರಕ್ಕೆ ಹಾಕಿ ನೋಡಿದರು. ಮತ್ತೆ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

"ಯಾರು ಮಾಡಿದ್ದು?"

ಅಂಚೆಟ್ಟಿ ತನ್ನ ಮೇಜಿನಲ್ಲಿ ಪೆನ್ಸಿಲು ಚೂಪು ಮಾಡುತ್ತಿದ್ದ. ನನ್ನ ಹತ್ತು ಬೆರಳ ಬಾವು ಇನ್ನೂ ಇಳಿದಿರಲಿಲ್ಲ.

"ನಾನೇ ಸಾರ್" ಎಂದೆ.

ಅಂಚೆಟ್ಟಿಯ ಪೆನ್ಸಿಲಿನ ಸಿಪ್ಪೆ ಮೇಜಿನ ಮೇಲೆ ಬೀಳುತ್ತಲೇ ಇತ್ತು. ನಾನೇ ಎಂದದ್ದು ಅವನ ಗುಟ್ಟು ಕಾಯಲಿಕ್ಕೇ ಎಂದು ನಾನು ಆ ಸಂಜೆ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಬಸ್ಸು ಬೇರಿಕೆ ಮುಟ್ಟುವಷ್ಟರಲ್ಲಿ ನಂಬಿಕೆಯೂ ಬಂದಿತ್ತು.

ಮರುದಿನ ಬೆಳಿಗ್ಗೆ ಟೇಪು ಕೇಳಿಸುವ ಹೊತ್ತಿಗೆ ಚೀಫ್ ನನ್ನನ್ನು ಮುಂದಕ್ಕೆ ಕರೆದರು. ಮೇಜಿನ ಮೇಲೆ ಎರಡು ಪೆನ್ಸಿಲು ಇಟ್ಟರು.

"ಇವನು ಪೆಟ್ಟು ಅಂದ್ರೇನು ಅಂತ ತಿಳ್ಕೊಂಡಿದ್ದಾನೆ. ಎಲ್ಲರಿಗೂ ತೋರಿಸ್ತಾನೆ. ಬಾರಿಸಪ್ಪಾ."

ಟೇಪು ಹಾಕಿದರು. ನಾನು ಮೇಜಿನ ಮೇಲೆ ಬಾರಿಸಿದೆ. ನಾಲ್ಕನೆಯ ಪೆಟ್ಟಿಗೇ ತಪ್ಪಿದೆ. ಮೊದಲು ತಮಾಷೆಗೆಂದು ತಿಳಿದು ಕೆಲವರು ನಕ್ಕರು. ಚೀಫ್ ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು. ಮತ್ತೆ ತಪ್ಪಿದೆ. ಆಗ ಸ್ಕೇಲು ತೆಗೆದರು. ತಪ್ಪಿದ ಪ್ರತಿ ಪೆಟ್ಟಿಗೂ ಒಂದು ಏಟು. ಆಮೇಲೆ ಯಾರೂ ನಗಲಿಲ್ಲ. ಟೇಪು ಆರು ಸಲ ತಿರುಗಿತು. ಬಲಗೈಯ ನಡುಬೆರಳ ಗೆಣ್ಣು ಒಡೆದು ಪೆನ್ಸಿಲು ಜಾರತೊಡಗಿತು.

"ನಿನ್ನೆ ಬರೆದವನಿಗೆ ಇವತ್ತು ಗೊತ್ತಿಲ್ವಾ? ಹೇಳು. ಎಲ್ಲಿ ಕದ್ದೆ?"

"ನಾನಲ್ಲ ಸಾರ್. ಅಂಚೆಟ್ಟಿ ಬರ್ದಿದ್ದು."

ಇಷ್ಟು ಸಾಕಾಗಿತ್ತು. ಸ್ಕೇಲು ಆಗಲೇ ಕೆಳಗಿಳಿದಿತ್ತು. ಚೀಫಿನ ಮುಖ ಅವನ ಕಡೆ ತಿರುಗಿಯೂ ಆಗಿತ್ತು. ಇಂದಿಗೂ ನಾನು ಆ ಗಳಿಗೆಯನ್ನು ಮುಂದೆ ಹಿಂದೆ ತಿರುಗಿಸಿ ನೋಡುತ್ತೇನೆ. ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ನಲವತ್ತು ಜನರ ಮುಂದೆ ಕಳ್ಳನಾಗಿ ನಿಂತಿದ್ದೆ. ನನಗಿಂತ ಕೆಳಗೆ ಒಬ್ಬ ಬೇಕಾಗಿದ್ದ.

"ಅವ್ನಿಗೆ ಗೊತ್ತಿರ್ತದೆ ಸಾರ್. ಅವರಪ್ಪ ಹೆಣದ ಮುಂದೆ ತಮಟೆ ಬಡಿಯೋರು. ಇವ್ನೂ ಬಡೀತಾನೆ, ನಾನೇ ನೋಡಿದೀನಿ."

ಅಂಚೆಟ್ಟಿ ಎದ್ದು ನಿಂತಿದ್ದ. ಯಾಕೆ ಎದ್ದನೋ ಗೊತ್ತಿಲ್ಲ, ಯಾರೂ ಕರೆದಿರಲಿಲ್ಲ. ಅಕ್ಕ ಅವನ ಕಡೆ ನೋಡಿ, ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು.

ಚೀಫಿಗೆ ಅದೇನೂ ತಟ್ಟಲಿಲ್ಲ. ಅವರಿಗೆ ಹಿಡಿಸಲಾರದಷ್ಟು ಸಂತೋಷ. "ಡ್ರಮ್ಮರ್ ಮಗನಾ ನೀನು? ಇದನ್ನ ಯಾರಾದ್ರೂ ಮುಚ್ಚಿಡ್ತಾರಾ? ಅಪ್ಪನ್ನ ಕರ್ಕೊಂಡ್ ಬಾ. ಕ್ಯಾಮರಾ ಇಡೋಣ. ಕೈ ಹೆಂಗೆ ಹೋಗ್ತದೆ ಅಂತ ಫ್ರೇಮು ಫ್ರೇಮು ನೋಡಿ ಬರೆಯೋಣ."

"ಬ್ಯಾಡ ಸಾರ್. ನಾನೇ ಬರೀತೀನಿ, ಅಪ್ಪ ಬ್ಯಾಡ."

"ಕರ್ಕೊಂಡ್ ಬಾ ಅಂದ್ರೆ ಕರ್ಕೊಂಡ್ ಬಾ. ಇಲ್ಲಾಂದ್ರೆ ನೀನೂ ಬರಬೇಡ."

ಆ ಮಧ್ಯಾಹ್ನ ನೀರಿನ ಗಡಿಗೆಯ ಪಕ್ಕದ ಕಿಟಕಿಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ ಬೇರೆಯಾಗಿ ಕೂತಿತ್ತು. ಯಾರಿಟ್ಟರೋ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಂಚೆಟ್ಟಿ ಅದನ್ನು ನೋಡಿದ. ಅವತ್ತಿನಿಂದ ಶೆಡ್ಡಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟ. ಅಕ್ಕ ತನ್ನ ಡಬ್ಬಿ ಎತ್ತಿಕೊಂಡು ಇನ್ನೊಂದು ಸಾಲಿಗೆ ಹೋಗಿ ಕೂತಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಬಿಸಿಲು ಬಂದರೆ ಜಾಗ ಬದಲಿಸುವ ಹಾಗೆ ಅಷ್ಟೆ. ನಾನು ಗಡಿಗೆಯಿಂದ, ಎಲ್ಲರ ಲೋಟದಲ್ಲೇ, ನೀರು ಕುಡಿದೆ.

ಮೂರನೆಯ ದಿನ ಅವರಪ್ಪ ಬಂದ. ದೆಂಕಣಿಕೋಟೆಗೆ ಹೋಗುವ ಮೊದಲ ಬಸ್ಸು ಹಿಡಿಯಲು ಕತ್ತಲಲ್ಲೇ ನಡೆದು ಬಂದಿದ್ದನಂತೆ. ಮಡಿಕೆ ಬಿಚ್ಚಿದ ಗೆರೆಗಳಿದ್ದ ಹೊಸ ಬಿಳಿ ಅಂಗಿ, ಬಟ್ಟೆಯಲ್ಲಿ ಸುತ್ತಿದ ತಮಟೆ. ಬಾಗಿಲಿನ ಹೊರಗೇ ಚಪ್ಪಲಿ ಬಿಟ್ಟು, ಒಳಗಿನ ಸಾಲು ಸಾಲು ಮೇಜುಗಳನ್ನು ನೋಡುತ್ತಾ ನಿಂತ.

"ನಮ್ಮೋನ ಕುರ್ಚಿ ಯಾವ್ದು ಸ್ವಾಮಿ?" ಎಂದು ನನ್ನನ್ನೇ ಕೇಳಿದ.

ತೋರಿಸಿದೆ. ಆ ಕುರ್ಚಿಯನ್ನು ಅಲ್ಲಿಂದಲೇ ಬಹಳ ಹೊತ್ತು ನೋಡಿದ.

ಚೀಫ್ ಟೇಪು ಕೇಳಿಸಿದರು. ಮುದುಕ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಎರಡು ಸಲ ಕೇಳಿದ.

"ಚೆನ್ನಾಗಿ ಬಾರಿಸ್ತಾನೆ ಆವಯ್ಯ. ಎಡಗೈ ಬಲು ಹಗುರ. ಯಾವೂರೋರು?"

"ಫಾರಿನ್" ಎಂದರು ಚೀಫ್.

"ಅಲ್ಲೂ ನಮ್ಮೋರವ್ರಾ?"

ಶೆಡ್ಡು ಬಿದ್ದು ಬಿದ್ದು ನಕ್ಕಿತು. ಚೀಫ್ ಗೋಡೆಯ ಫೋಟೋದ ಕಡೆ ಕೈ ತೋರಿಸಿ ನಕ್ಕರು. ನಾನೂ ನಕ್ಕೆ. ಯಾಕೆ ನಗುತ್ತಿದ್ದಾರೆಂದು ತಿಳಿಯದ ಮುದುಕ, ದೊಡ್ಡವರ ಜೊತೆ ತಾನೂ ಸ್ವಲ್ಪ ನಕ್ಕ. ಅಂಚೆಟ್ಟಿ ತಲೆ ಎತ್ತಲಿಲ್ಲ.

ತಮಟೆ ಕಾಯಿಸಲು ಬೆಂಕಿ ಬೇಕೆಂದ. ಒಳಗೆ ಫಿಲ್ಮು, ಪ್ಲಾಸ್ಟಿಕ್ಕು ಹಾಳೆ ತುಂಬಿದ್ದರಿಂದ ಹಿತ್ತಲಿನಲ್ಲಿ ಉರಿ ಹಾಕಿದೆವು. ಹುಲ್ಲಿರಲಿಲ್ಲ. ಎರಡು ಸಲ ವಾಪಸು ಬಂದ ನನ್ನ ಚಿತ್ರಗಳ ಕಟ್ಟುಗಳನ್ನೇ ಚೀಫ್ ತರಿಸಿದರು. ನಾಲ್ಕು ಜನರ ಎರಡು ಸಲದ ದುಡಿಮೆ ಒಂದು ತಮಟೆ ಕಾಯಿಸಲಿಕ್ಕೆ ಸಾಕಾಯಿತು.

ಕ್ಯಾಮರಾ ನಿಲ್ಲಿಸಿದ ಮೇಲೆ ಚೀಫ್, "ಅಂಗಿ ತೆಗೀಬೇಕು. ಹೆಗಲು ಮೊಣಕೈ ಕಾಣ್ತಾ ಇಲ್ಲ" ಎಂದರು.

ಮುದುಕ ಮಗನ ಕಡೆ ನೋಡಿದ. ಮಗ ಗೋಡೆಯ ಕಡೆ ನೋಡುತ್ತಿದ್ದ. ಮುದುಕ ಗುಂಡಿ ಬಿಚ್ಚಿ, ಅಂಗಿಯನ್ನು ಮೊದಲಿದ್ದ ಮಡಿಕೆಗೇ ಮಡಚಿ, ಇಡಲು ಶುದ್ಧ ಜಾಗ ಹುಡುಕಿದ. ಸಿಗದೆ ಮಗನ ಕೈಗೆ ಕೊಟ್ಟ. ಪಕ್ಕದ ಎರಡೂ ಶೆಡ್ಡಿನವರು ಗೋಡೆ ಹತ್ತಿ ಕೂತಿದ್ದರು.

"ಮುಖ ಬೇಡ. ಕೈ ಮಾತ್ರ ಹಿಡಿ" ಎಂದು ಚೀಫ್ ಕ್ಯಾಮರಾದವನಿಗೆ ಹೇಳಿದರು.

ಅವನು ಬಾರಿಸಿದ. ಟೇಪಿನಲ್ಲಿದ್ದುದನ್ನು ಹಾಗೆಹಾಗೇ ತಮಟೆಗೆ ಇಳಿಸಿದ. ಅಷ್ಟಕ್ಕೆ ಮುಗಿಯಲಿಲ್ಲ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. ಇನ್ನೊಂದು ಸಲ. ನಿಧಾನವಾಗಿ. ಇನ್ನೂ ನಿಧಾನವಾಗಿ.

"ನಿದಾನಕ್ಕೆ ಹೊಡುದ್ರೆ ಅದು ಹೊಡ್ತ ಅಲ್ಲ ಸ್ವಾಮಿ" ಎಂದ.

"ನೀನು ಹೇಳಬೇಡ. ಮಾಡು."

ತಂಡದ ಮೇಲಿನ ಭಕ್ತಿಯಲ್ಲಿ ಚೀಫಿಗೆ ಬಿಸಿಲು ತಿಳಿಯಲಿಲ್ಲ. ಒಂಬತ್ತಕ್ಕೆ ಶುರುವಾದದ್ದು ಒಂದು ಗಂಟೆಯವರೆಗೆ ನಡೆಯಿತು. ಮುದುಕನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಸೀಳಿ ಕೋಲಿಗೆ ರಕ್ತ ಹತ್ತಿತು. ಅದು ಕ್ಯಾಮರಾದಲ್ಲಿ ಕಾಣುತ್ತದೆಂದು ಒರೆಸಲು ಹೇಳಿದರು. ಒರೆಸಿದ್ದು ಅಂಚೆಟ್ಟಿ. ಕೋಲನ್ನೂ ಕೈಯನ್ನೂ ಒರೆಸಿ ಮತ್ತೆ ಹಿಂದೆ ಸರಿದು ನಿಂತ.

ಊಟಕ್ಕೆ ಬಿಟ್ಟಾಗ ಹಿತ್ತಲಿನ ಗೋಡೆಯ ನೆರಳಲ್ಲಿ ಮುದುಕನಿಗೆ ಎಲೆ ಹಾಕಿ ಅನ್ನ ಹಾಕಿದರು. ಅಂಚೆಟ್ಟಿ ತನ್ನ ಡಬ್ಬಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತ. ನಾನು ಬಾಗಿಲ ಹತ್ತಿರವೇ ಇದ್ದೆ.

"ಇಲ್ಯಾಕ್ಲಾ ಬಂದೆ? ಎದ್ದೋಗು."

"ಇಲ್ಲೇ ಉಣ್ತೀನಿ."

"ಬ್ಯಾಡ ಕಣ್ಲಾ. ಒಳಕ್ಕೋಗು. ನಿನ್ ಕುರ್ಚಿಮ್ಯಾಗೆ ಕುಂತ್ಕಂಡು ಉಣ್ಣು. ನಾನು ಇಲ್ಲಿಂದ ನೋಡ್ತೀನಿ."

"ಅಪ್ಪ."

"ಹೋಗ್ಲಾ ಅಂದ್ರೆ. ಅದ್ಕೇ ಬಂದಿದ್ದು ನಾನು."

ಅವನು ಒಳಗೆ ಬಂದು ಕುರ್ಚಿಯ ಮೇಲೆ ಕೂತು ಡಬ್ಬಿ ಬಿಚ್ಚಿದ. ಅಪ್ಪ ಹೊರಗಿನಿಂದ ಕತ್ತು ನೀಳ ಮಾಡಿ ನೋಡುತ್ತಿದ್ದ. ಅಂಚೆಟ್ಟಿ ಅಷ್ಟೂ ಅನ್ನವನ್ನು, ಒಂದಗುಳೂ ಬಿಡದೆ, ಅಗಿಯದೆ ನುಂಗಿದ. ಅಪ್ಪ ಸಂಜೆಯ ಬಸ್ಸಿಗೆ ಹೋದ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ.

ಫಿಲ್ಮು ತೊಳೆದು ಬಂತು. ಅದನ್ನು ಗಾಜಿನ ಮೇಜಿನ ಕೆಳಗಿನಿಂದ ಒಂದೊಂದೇ ಫ್ರೇಮು ಬೆಳಕು ಬಿಟ್ಟು ನಿಲ್ಲಿಸಿ, ಮೇಲಿಟ್ಟ ಕಾಗದದಲ್ಲಿ ಕರಡಿಯ ಕೈ ಬರೆಯಬೇಕು. ಆ ಕೆಲಸ ಅಂಚೆಟ್ಟಿಗೆ. ಇಪ್ಪತ್ತೆರಡು ದಿನ ಅವನು ಅಪ್ಪನ ಕೈಗಳನ್ನು ಒಂಬೈನೂರು ಚಿಲ್ಲರೆ ಸಲ ಬರೆದ. ಅಪ್ಪನ ಬೆರಳಿನ ಮೇಲೆ ಕರಡಿಯ ಉಗುರು, ಅಪ್ಪನ ಮುಂಗೈಯ ಮೇಲೆ ಕರಡಿಯ ಕೂದಲು. ಕರೆಂಟು ಹೋದಾಗ ಎಲ್ಲರೂ ಹೊರಗೆ ಹೋಗಿ ನಿಲ್ಲುತ್ತಿದ್ದೆವು. ಅವನು ಆರಿದ ಗಾಜಿನ ಮುಂದೆಯೇ ಕೂತಿರುತ್ತಿದ್ದ. ಅವನು ಬರೆದದ್ದನ್ನು ಎಣಿಸಿ, ಮೂಲೆಯಲ್ಲಿ ನಂಬರು ಹಾಕುವ ಕೆಲಸ ನನ್ನದು. ಅಷ್ಟೂ ದಿನ ನಾವು ಆಡಿದ ಮಾತು ನಂಬರುಗಳು ಮಾತ್ರ. "ನಾನೂರ ಹನ್ನೊಂದು" ಎಂದು ಅವನು ಕೊಡುತ್ತಿದ್ದ, "ನಾನೂರ ಹನ್ನೊಂದು" ಎಂದು ನಾನು ತೆಗೆದುಕೊಳ್ಳುತ್ತಿದ್ದೆ. ಒಂದು ಸಲ ಮಾತ್ರ ನಾನು, "ಏಟು ತಡಿಯಾಕಾಗ್ದೆ ಹೇಳ್ಬುಟ್ಟೆ ಕಣ್ಲಾ" ಎಂದೆ. ಅವನು ಮುಂದಿನ ಕಾಗದ ಎಳೆದುಕೊಂಡು, "ಏಟು ನಿಂತ್ಮೇಲೆ ಹೇಳ್ದೆ" ಎಂದ.

ಆಚೆಯಿಂದ ಒಪ್ಪಿಗೆ ಬಂತು. ಒಪ್ಪಿಗೆ ಮಾತ್ರವಲ್ಲ, ಡ್ರಮ್ಮಿನ ದೃಶ್ಯವನ್ನು ತಮ್ಮಲ್ಲಿ ಎಲ್ಲರನ್ನೂ ಕರೆದು ತೋರಿಸಿದೆವೆಂದು ಬರೆದಿದ್ದರು. ಚೀಫ್ ಅದನ್ನು ಗಟ್ಟಿಯಾಗಿ ಓದಿ, ಫೋಟೋದ ಕೆಳಗೆ ಅಂಟಿಸಿದರು. ಆ ದಿನವೇ ನನ್ನನ್ನು ಚಿತ್ರವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ನಂಬರು ಒಂದೂ ತಪ್ಪದ ಹಾಗೆ ನೋಡಿಕೊಂಡಿದ್ದೆನಂತೆ.

ಎರಡು ವಾರ ಕಳೆದಿರಬೇಕು. ಅಕ್ಕನ ಮಾವ ತೀರಿಕೊಂಡ. ಹತ್ತು ಗಂಟೆಯ ಹೊತ್ತಿಗೆ ಅಕ್ಕನ ತಮ್ಮ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಅಂಚೆಟ್ಟಿ ಯಾರು ಎಂದು ಕೇಳಿಕೊಂಡು ಅವನ ಮೇಜಿನ ಹತ್ತಿರ ಹೋದ.

"ಅಕ್ಕ ಹೇಳ್ಕಳ್ಸವ್ಳೆ. ನಮ್ಮೂರೋರು ತಮಟೆಗೆ ಬರಾಕಿಲ್ಲ ಅಂತಾವ್ರೆ. ನೀನು ಪರಿಚಯದೋನಲ್ವಾ, ಯಾರ್ನಾರಾ ಜೊತೇಗ್ ಕರ್ಕಂಡು ಬಂದ್ಬುಡು. ಮೂರ್ ಗಂಟ್ಗೆ ಎತ್ತಾದು."

ಅವನ ದನಿಯಲ್ಲಿ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ಬಡಗಿಯನ್ನು ಕರೆಯುವಂತೆ ಕರೆದ. ಅಂಚೆಟ್ಟಿ ಬರೆಯುತ್ತಿದ್ದ ನರಿಯ ಬಾಲ ಪೂರ್ತಿ ಮಾಡಿ, ನಂಬರು ತಾನೇ ಹಾಕಿ, ಪೆನ್ಸಿಲು ಡಬ್ಬಿಯಲ್ಲಿಟ್ಟ.

"ಬತ್ತೀನಿ, ನಡಿ" ಎಂದ.

ಹೊರಟುಹೋದ. ತಮಟೆ ಬಡಿಯಲು ಹೋದನೆಂದೇ ನಾವೆಲ್ಲ ತಿಳಿದೆವು. ಹದಿಮೂರು ದಿನ ಕಳೆದು ಅಕ್ಕ ಕೆಲಸಕ್ಕೆ ಬಂದಳು. "ಬತ್ತೀನಿ ಅಂದೋನು ಬರ್ಲೇ ಇಲ್ಲ. ಹೆಣ ಬಿಸ್ಲಲ್ಲಿ ಕಾಯ್ತು. ಎಷ್ಟ್ ಉಪ್ಪಿನ್ಕಾಯಿ ಇಕ್ಕಿದ್ದೆ ನಾನು ಅವ್ನಿಗೆ" ಎಂದು ಬಹಳ ದಿನ ಹೇಳುತ್ತಿದ್ದಳು.

ಅವನು ಶೆಡ್ಡಿಗೂ ಮತ್ತೆ ಬರಲಿಲ್ಲ. ಕೋಣೆ ಖಾಲಿ ಮಾಡಿದ್ದ. ಮುಂದಿನ ಕಂತಿನಲ್ಲಿ ಕರಡಿ ಓಡಬೇಕಿತ್ತು, ಓಟ ಯಾರಿಗೂ ಹಿಡಿಯುತ್ತಿರಲಿಲ್ಲ. "ಹೋಗಿ ಕರ್ಕೊಂಡ್ ಬಾ. ಏನು ಬೇಕು ಕೇಳು" ಎಂದು ಚೀಫ್ ನನ್ನನ್ನೇ ಕಳಿಸಿದರು.

ಅಂಚೆಟ್ಟಿಯಲ್ಲಿ ಬಸ್ಸಿಳಿದು ಎರಡು ಗಂಟೆಗೂ ಹೆಚ್ಚು ನಡೆದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕೇರಿಯಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು. ಮುದುಕ ಜಗಲಿಯಲ್ಲಿ ಹೊಸ ಚರ್ಮವನ್ನು ತಮಟೆಯ ಬಳೆಗೆ ಬಿಗಿಯುತ್ತಿದ್ದ. ನನ್ನನ್ನು ಗುರುತು ಹಿಡಿದು ಎದ್ದು ನಿಂತ. ಬಲಗೈಯ ಸೀಳು ಮಾಯ್ದು ಅಲ್ಲಿ ದಪ್ಪ ಗೆರೆಯಾಗಿತ್ತು.

"ಇಲ್ಲ ಸ್ವಾಮಿ ಅವ್ನು. ತೆಂಕ್ಲಾಗೆ ಎಲ್ಲೋ ಕಲ್ಲು ಕ್ವಾರೀಲಿ ಅವ್ನೆ ಅಂತಾರೆ. ಕುರ್ಚಿ ಬಿಟ್ಟು ಕಲ್ಲು ಒಡ್ಯಾಕ್ ಹೋಗ್ಬುಟ್ಟ. ಯಾಕ್ಲಾ ಅಂದ್ರೆ ಬಾಯೇ ಬಿಡ್ಲಿಲ್ಲ." ಅಂಗೈಯನ್ನು ಪಂಚೆಗೆ ಒರೆಸಿಕೊಂಡು, "ತಪ್ಪು ಏನಾರಾ ಮಾಡಿದ್ನಾ?" ಎಂದ.

"ಇಲ್ಲ. ಅವನಷ್ಟು ಚೆನ್ನಾಗಿ ಬರೆಯೋರು ಯಾರೂ ಇಲ್ಲ."

"ಆ ಪಿಚ್ಚರು ಬಂತಾ?"

"ಬಂತು. ಅವರಿಗೆಲ್ಲ ಮೆಚ್ಚಿಗೆ ಆಯ್ತು. ನಿಮ್ಮ ಕೈ ಬಹಳ ಮೆಚ್ಚಿದ್ರು."

ಅವನು ಕೆಳಗೆ ಕೂತು ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ನನಗೆ ಕೂರಲು ಚಾಪೆ ಹಾಸಿದ. ನೀರು ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊಡದೆ ಸುಮ್ಮನಾದ. ಅಷ್ಟು ದೂರ ನಡೆದು ನಾಲಗೆ ಒಣಗಿತ್ತು. ನಾನೂ ಕೇಳಲಿಲ್ಲ.

"ಒಂದ್ ಮಾತು ಕೇಳ್ಲಾ ಸ್ವಾಮಿ? ಅವ್ನು ಸಣ್ಣೋನಿದ್ದಾಗಿಂದ ತಮಟೆ ಅಂದ್ರೆ ನಾಚ್ಕೊಳ್ಳಾನು. ಇಸ್ಕೂಲ್ನಾಗೆ ಅಪ್ಪ ಏನ್ ಮಾಡ್ತಾನೆ ಅಂದ್ರೆ ಬೇಸಾಯ ಅಂತಿದ್ದ. ಅದು ನಂಗೆ ಗೊತ್ತಿತ್ತು. ಆದ್ರೆ ಅಷ್ಟು ದೊಡ್ಡ ಆಪೀಸಿಗೆ ನನ್ನ ಕರ್ಸವ್ರೆ ಅಂದ್ಮೇಲೆ, ನಮ್ಮಪ್ಪ ಇಂಗೆ ಬಾರಿಸ್ತಾನೆ ಅಂತ ಇವ್ನೇ ತಾನೆ ಅಲ್ಲಿ ಹೇಳಿರಬೇಕು? ಬ್ಯಾರೆ ಯಾರ್ಗೆ ಗೊತ್ತಿತ್ತು? ಬಾಯ್ಬಿಟ್ಟು ಕೇಳ್ದೆ, ಉತ್ರ ಕೊಡ್ಲಿಲ್ಲ. ಇವ್ನೇ ಹೇಳಿದ್ದಾ?"

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮೊದಲನೆಯದು ಅದೇ ಆಗಿತ್ತು, ಹೇಳಿದವನು ನಾನು ಎಂಬುದು. ಮುದುಕ ಬಿಗಿಯುತ್ತಿದ್ದ ಚರ್ಮದಿಂದ ಕೈ ತೆಗೆದು ನನ್ನ ಬಾಯನ್ನೇ ನೋಡುತ್ತಿದ್ದ.

"ಹೂಂ" ಎಂದೆ. "ಅವನೇ ಹೇಳಿದ್ದು. ಎಲ್ಲರ ಮುಂದೆ ಹೇಳಿದ."

"ಎಲ್ಲರ ಮುಂದೆ" ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, ಅವಳಿಗೂ ಅದನ್ನು ಇನ್ನೊಂದು ಸಲ ಹೇಳಿ ಎಂದು ನನ್ನನ್ನು ಕೇಳಿದ. ನಾನು ಇನ್ನೊಂದು ಸಲ ಹೇಳಿದೆ.